ಅಟ್ಲಾಸ್ ಶ್ರಗ್ಡ್: ಓದುಗರು ಬೇರೆಯಾಗುವ ಪುಟಗಳು

ಅಮೆರಿಕದ ಲೇಖಕಿ ಐನ್ ರ್ಯಾಂಡ್ ಬರೆದ 'ಅಟ್ಲಾಸ್ ಶ್ರಗ್ಡ್' ಕಾದಂಬರಿಯ ಬಗ್ಗೆ ಇಬ್ಬರು ಜಗಳಕ್ಕೆ ಬಿದ್ದರೆ, ಎಲ್ಲಿಯವರೆಗೆ ಓದಿದ್ದೀರಿ ಎಂದು ಮೊದಲು ಕೇಳಬೇಕು. ಕುಹಕಕ್ಕೆ ಹೇಳುತ್ತಿಲ್ಲ. 1957ರ ಅಕ್ಟೋಬರ್‌ನಲ್ಲಿ ಹೊರಬಂದ ಮೊದಲ ಮುದ್ರಣ 1,168 ಪುಟಗಳದ್ದು. ಮೂರು ಭಾಗ, ಭಾಗಕ್ಕೆ ಹತ್ತು ಅಧ್ಯಾಯ. ಮೊದಲ ಭಾಗ ಓದಿ ಮರುಳಾದವರು, ಎರಡನೇ ಭಾಗದ ಸುರಂಗದಲ್ಲಿ ಸಿಟ್ಟಾಗಿ ಪುಸ್ತಕ ಮುಚ್ಚಿಟ್ಟವರು, ಮೂರನೇ ಭಾಗದ ಭಾಷಣಕ್ಕೆ ತೂಕಡಿಸಿದವರು, ಅದೇ ಭಾಷಣ ತಮ್ಮ ಬದುಕು ಬದಲಿಸಿತು ಎನ್ನುವವರು, ಎಲ್ಲರೂ ಹೆಸರಿಗೆ ಒಂದೇ ಪುಸ್ತಕ ಓದಿದವರು. ಬಂಡವಾಳಶಾಹಿ ಸರಿಯೋ ತಪ್ಪೋ ಎಂಬ ವಾದ ಆಮೇಲೆ ಶುರುವಾಗುತ್ತದೆ. ಒಡಕು ಹುಟ್ಟುವ ಜಾಗಗಳನ್ನು ಪುಟ ತೆರೆದು ಬೆರಳಿಟ್ಟು ತೋರಿಸಬಹುದು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಗುಟ್ಟು ಉಳಿಸಿಕೊಳ್ಳಬೇಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಅಮೆರಿಕ ಕುಸಿಯುತ್ತಿದೆ. ಡ್ಯಾಗ್ನಿ ಟ್ಯಾಗರ್ಟ್ ಪೂರ್ವಿಕರಿಂದ ಬಂದ ರೈಲ್ವೆ ಕಂಪನಿಯನ್ನು ಉಳಿಸಲು ಹೆಣಗುತ್ತಾಳೆ. ಹ್ಯಾಂಕ್ ರೀಯರ್ಡನ್ ಹತ್ತು ವರ್ಷ ದುಡಿದು ಉಕ್ಕಿಗಿಂತ ಗಟ್ಟಿಯಾದ, ಹಗುರವಾದ, ಅಗ್ಗದ ಲೋಹವೊಂದನ್ನು ರೂಪಿಸುತ್ತಾನೆ. ಸರ್ಕಾರ ಒಂದರ ಮೇಲೊಂದು ಕಟ್ಟಳೆ ಹೇರುತ್ತದೆ, ಸಮರ್ಥರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಅವರನ್ನೆಲ್ಲ ಕರೆದೊಯ್ಯುತ್ತಿರುವವನು ಜಾನ್ ಗಾಲ್ಟ್. ಬುದ್ಧಿವಂತರೆಲ್ಲ ಕೆಲಸ ನಿಲ್ಲಿಸಿದರೆ ಲೋಕ ಏನಾಗುತ್ತದೆ ಎಂಬುದೇ ಕಥಾವಸ್ತು.

ಮೊದಲ ಭಾಗವನ್ನು ರ್ಯಾಂಡ್ ವಿರೋಧಿಗಳೂ ಮೆಚ್ಚಿಕೊಳ್ಳುವುದುಂಟು, ಮೆಚ್ಚಲೇಬೇಕು ಕೂಡ. ಕೊಲೊರಾಡೊದ ಎಣ್ಣೆ ಬಾವಿಗಳಿಗೆ ಹೋಗುವ ಸವೆದ ಹಳಿಯನ್ನು ಕಿತ್ತು, ಯಾರೂ ಪರೀಕ್ಷಿಸದ ಹೊಸ ಲೋಹದ ಹಳಿ ಹಾಕಿ, ಅದೇ ಲೋಹದ ಸೇತುವೆಯ ಮೇಲೆ ಗಂಟೆಗೆ ನೂರು ಮೈಲಿ ವೇಗದಲ್ಲಿ ಸರಕು ರೈಲು ಓಡಿಸುವ ಅಧ್ಯಾಯವಿದೆ. ಗುತ್ತಿಗೆದಾರರ ತಡ, ಸರಬರಾಜಿನ ಸುಳ್ಳು ಭರವಸೆ, ಅಪಾಯವಿದೆ ಎಂದು ನೇರ ಹೇಳದೆ ಅನುಮಾನ ಮಾತ್ರ ಬಿತ್ತುವ ವಿಜ್ಞಾನ ಸಂಸ್ಥೆಯ ಹೇಳಿಕೆ, ಇವೆಲ್ಲ ಕಣ್ಣಿಗೆ ಕಟ್ಟುವಂತಿವೆ. ಕೆಲಸ ಮಾಡುವುದರಲ್ಲೇ ಇರುವ ಸುಖವನ್ನು ಇಷ್ಟು ಉತ್ಕಟವಾಗಿ ಬರೆದ ಕಾದಂಬರಿಗಳು ಕಡಿಮೆ. ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಈ ಪುಸ್ತಕದ ಗೀಳು ಹತ್ತುವುದು ಬಹುಪಾಲು ಇಲ್ಲಿಯೇ. ಗಾಳಿಯ ಸ್ಥಾಯೀ ವಿದ್ಯುತ್ತಿನಿಂದ ಓಡುವ ಗಾಲ್ಟ್‌ನ ಮೋಟಾರು ಮಾತ್ರ ಅದೇ ಹುಡುಗರಿಗೆ ನಗು ತರಿಸಬೇಕು.

ಇದು ಉದ್ಯಮಿಗಳನ್ನು ಹೊಗಳುವ ಪುಸ್ತಕ ಎಂದು ಅಭಿಮಾನಿಗಳೂ ಟೀಕಾಕಾರರೂ ಒಟ್ಟಿಗೆ ಒಪ್ಪಿಬಿಡುತ್ತಾರೆ. ಹಾಗೇನಿಲ್ಲ. ಮುಖ್ಯ ಖಳರಲ್ಲಿ ಇಬ್ಬರು ಉದ್ಯಮಿಗಳೇ: ಡ್ಯಾಗ್ನಿಯ ಅಣ್ಣ ಜೇಮ್ಸ್ ಟ್ಯಾಗರ್ಟ್ ರೈಲ್ವೆ ಕಂಪನಿಯ ಅಧ್ಯಕ್ಷ, ಓರನ್ ಬಾಯ್ಲ್ ಉಕ್ಕಿನ ಕಾರ್ಖಾನೆಯ ಒಡೆಯ. ಇಬ್ಬರೂ ವಾಷಿಂಗ್ಟನ್ನಿನಲ್ಲಿ ವಶೀಲಿ ಹಚ್ಚಿ ಪೈಪೋಟಿದಾರರನ್ನು ಮುಗಿಸುವವರು. ಭಾರತದ ಓದುಗರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ. 1951ರ ಕೈಗಾರಿಕಾ ಕಾಯ್ದೆಯ ನಂತರ ನಮ್ಮಲ್ಲಿ ಕಾರ್ಖಾನೆ ಶುರುಮಾಡಲು, ವಿಸ್ತರಿಸಲು, ಪರವಾನಗಿ ಬೇಕಿತ್ತು. ಮಂಜೂರಾದ ಸಾಮರ್ಥ್ಯ ಮೀರಿ ಉತ್ಪಾದಿಸುವುದೇ ತಪ್ಪು. ಕಾದಂಬರಿಯ 10-289 ನಂಬರಿನ ಆದೇಶವೂ ಗೊತ್ತುಮಾಡಿದ ಒಂದು ವರ್ಷದಲ್ಲಿ ಎಷ್ಟು ತಯಾರಿಸಿದ್ದಿರೋ ಅಷ್ಟೇ ತಯಾರಿಸಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎನ್ನುತ್ತದೆ. ಲೈಸೆನ್ಸ್ ರಾಜ್ ಕಂಡವರು ಇದನ್ನು ವರದಿಯಂತೆ ಓದುವುದು ಸಹಜ. ಆದರೆ ಆ ಕಾಲದಲ್ಲಿ ಪರವಾನಗಿಗಳನ್ನು ಬಾಚಿಕೊಂಡವು ದೊಡ್ಡ ಉದ್ಯಮ ಮನೆತನಗಳೇ ಎಂದು ಪರವಾನಗಿ ನೀತಿಯನ್ನು ಪರಿಶೀಲಿಸಿದ 1969ರ ದತ್ ಸಮಿತಿ ಹೇಳಿತ್ತು. ಅಂದರೆ ನಮ್ಮಲ್ಲಿ ರೀಯರ್ಡನ್‌ಗಳಿಗಿಂತ ಬಾಯ್ಲ್‌ಗಳೇ ಜಾಸ್ತಿ ಇದ್ದರು. ಈ ಅರ್ಧವನ್ನು ಅಭಿಮಾನಿಗಳು ಜಾಣತನದಿಂದ ಮರೆಯುತ್ತಾರೆ.

ಕನ್ನಡದ ಓದುಗರಿಗೆ ಇನ್ನೊಂದು ತೊಡಕು ಎದುರಾಗಬೇಕು. ನಾವು ಅತಿ ಹೆಚ್ಚು ಗೌರವಿಸುವ ಎಂಜಿನಿಯರ್ ವಿಶ್ವೇಶ್ವರಯ್ಯ ಸರ್ಕಾರದ ಒಳಗಿದ್ದು ಕಟ್ಟಿದವರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ್ದು. ರ್ಯಾಂಡ್ ಲೋಕದಲ್ಲಿ ಇಂಥವರಿಗೆ ಕುರ್ಚಿಯೇ ಇಲ್ಲ. ಅಲ್ಲಿ ಸರ್ಕಾರದ ಆಶ್ರಯಕ್ಕೆ ಹೋದ ಪ್ರತಿಭಾವಂತ ಎಂದರೆ ಡಾ. ರಾಬರ್ಟ್ ಸ್ಟ್ಯಾಡ್ಲರ್, ಅವನ ವಿಜ್ಞಾನ ಕೊನೆಗೆ ಸಾಮೂಹಿಕ ನಾಶದ ಯಂತ್ರವಾಗುತ್ತದೆ. ಖಾಸಗಿ ಹಣದಿಂದಲೇ ರೈಲ್ವೆ ಕಟ್ಟಿದ, ಸರ್ಕಾರದ ಸಾಲ ಕೊಡಿಸಲು ಬಂದ ಗಣ್ಯನೊಬ್ಬನನ್ನು ಮೆಟ್ಟಿಲಿಂದ ಉರುಳಿಸಿದ, ಡ್ಯಾಗ್ನಿಯ ಪೂರ್ವಜ ನ್ಯಾಟ್ ಟ್ಯಾಗರ್ಟ್ ಅಲ್ಲಿಯ ಆದರ್ಶ. ನಿಜವಾದ ಅಮೆರಿಕದಲ್ಲಿ 1862ರ ಕಾಯ್ದೆಯಡಿ ಮೊದಲ ಖಂಡಾಂತರ ರೈಲು ಕಂಪನಿಗಳಿಗೆ ಸರ್ಕಾರ ಅಪಾರ ಭೂಮಿ, ಸಾಲ ಎರಡನ್ನೂ ಕೊಟ್ಟಿತ್ತು. ಬಹುಮಟ್ಟಿಗೆ ಸ್ವಂತ ಬಲದಿಂದ ಗ್ರೇಟ್ ನಾರ್ದರ್ನ್ ಮಾರ್ಗ ಕಟ್ಟಿದ ಜೇಮ್ಸ್ ಹಿಲ್ ಅಪವಾದ. ರ್ಯಾಂಡ್ ಅಪವಾದವನ್ನೇ ನಿಯಮ ಮಾಡಿಕೊಂಡರು.

ಎರಡನೇ ಭಾಗದ ಕೊನೆಯ ಅಧ್ಯಾಯದಲ್ಲಿ ಅಲೆಮಾರಿಯೊಬ್ಬ ಹೇಳುವ ಮೋಟಾರು ಕಾರ್ಖಾನೆಯ ಕಥೆಯಿದೆ. ಆರು ಸಾವಿರ ಕೆಲಸಗಾರರು, ಶಕ್ತಿಯಿದ್ದಷ್ಟು ದುಡಿಮೆ, ಅಗತ್ಯವಿದ್ದಷ್ಟು ಸಂಬಳ ಎಂದು ಮತ ಹಾಕಿ ಒಪ್ಪುತ್ತಾರೆ. ಯಾರ ಅಗತ್ಯ ಎಷ್ಟು ಎಂಬುದೂ ಸಭೆಯಲ್ಲಿ ಮತದಿಂದಲೇ ತೀರ್ಮಾನ. ಚುರುಕಾದವನಿಗೆ ಬಹುಮಾನ, ಪುಕ್ಕಟೆ ಹೆಚ್ಚುವರಿ ಪಾಳಿ. ಹಾಗಾಗಿ ಎಲ್ಲರೂ ಕೈಚಳಕ ಮುಚ್ಚಿಡಲು ಕಲಿಯುತ್ತಾರೆ. ಪಕ್ಕದ ಮನೆಯ ಮಗು ಹುಟ್ಟಿದರೆ ಅಸೂಯೆ, ಕಾಯಿಲೆ ಬಿದ್ದರೆ ಅನುಮಾನ. ನಾಲ್ಕು ವರ್ಷದಲ್ಲಿ ಕಾರ್ಖಾನೆ ದಿವಾಳಿ. ಹೆಚ್ಚೆಂದರೆ ಹತ್ತು ಪುಟ. ಇಡೀ ಕಾದಂಬರಿಯಲ್ಲಿ ರ್ಯಾಂಡ್ ಅವರ ವಾದ ಕಥೆಯಾಗಿ ಸಂಪೂರ್ಣ ಗೆದ್ದಿರುವುದು ಇಲ್ಲಿ, ಏಕೆಂದರೆ ಇಲ್ಲಿ ಕೆಟ್ಟವರನ್ನು ತಂದು ಕೂರಿಸಿಲ್ಲ. ಸಾಮಾನ್ಯರು ನಿಯಮದ ಒತ್ತಡಕ್ಕೆ ಹಂತಹಂತವಾಗಿ ಕೆಡುತ್ತಾರೆ.

ಇನ್ನು ಸುರಂಗ. ಎರಡನೇ ಭಾಗದ ಏಳನೇ ಅಧ್ಯಾಯ. ಎಂಟು ಮೈಲಿ ಉದ್ದದ ಸುರಂಗಕ್ಕೆ ಡೀಸೆಲ್ ಇಂಜಿನ್ ಮಾತ್ರ ಹೋಗಬೇಕು. ಕಾಮೆಟ್ ರೈಲಿನ ಇಂಜಿನ್ ಹಳಿ ತಪ್ಪಿ ಹಾಳಾಗಿದೆ, ತುರ್ತಿಗೆಂದು ಇರಿಸಿದ್ದ ಇಂಜಿನ್ನನ್ನು ಪ್ರಭಾವಿಯೊಬ್ಬನ ಪ್ರವಾಸಕ್ಕೆ ಕೊಟ್ಟಾಗಿದೆ. ಚುನಾವಣಾ ಸಭೆಗೆ ಹೊತ್ತಾಯಿತು ಎಂದು ರಾಜಕಾರಣಿಯೊಬ್ಬ ಅಬ್ಬರಿಸುತ್ತಾನೆ. ಮೇಲಧಿಕಾರಿಗಳು 'ಸುರಕ್ಷಿತವಾಗಿ, ತಡಮಾಡದೆ ಕಳಿಸಿ' ಎಂಬ ಎರಡು ಅಲಗಿನ ಆದೇಶ ಬರೆದು ಜಾರಿಕೊಳ್ಳುತ್ತಾರೆ. ಆಗದು ಎಂದ ಅನುಭವಿ ಹೊರಬೀಳುತ್ತಾನೆ. ಕಲ್ಲಿದ್ದಲ ಇಂಜಿನ್ ಸುರಂಗ ಹೊಗುತ್ತದೆ, ಒಳಗಿದ್ದವರು ಉಸಿರುಗಟ್ಟಿ ಸಾಯುತ್ತಾರೆ, ಹಿಂದಿನಿಂದ ಬಂದ ಮದ್ದುಗುಂಡಿನ ರೈಲು ಡಿಕ್ಕಿ ಹೊಡೆಯುತ್ತದೆ. ತಾಂತ್ರಿಕವಾಗಿ ಇದು ಉತ್ಪ್ರೇಕ್ಷೆಯಲ್ಲ: 1944ರ ಮಾರ್ಚ್‌ನಲ್ಲಿ ಇಟಲಿಯ ಬಾಲ್ವಾನೊ ಬಳಿ ಕಳಪೆ ಕಲ್ಲಿದ್ದಲಿನ ರೈಲೊಂದು ಏರುಹಾದಿಯ ಸುರಂಗದಲ್ಲಿ ನಿಂತುಬಿಟ್ಟು 500ಕ್ಕೂ ಹೆಚ್ಚು ಜನ ವಿಷಾನಿಲಕ್ಕೆ ಸತ್ತಿದ್ದರು. ಹೊಣೆ ಕೈಯಿಂದ ಕೈಗೆ ಜಾರುವ ಪುಟಗಳಂತೂ ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಪರಿಚಿತವೇ.

ಜಗಳ ಅದಕ್ಕಲ್ಲ. ರೈಲು ಒಳಹೋಗುವ ಮುನ್ನ ಲೇಖಕಿ ಬೋಗಿ ಬೋಗಿ ದಾಟುತ್ತ ಪ್ರಯಾಣಿಕರ ಪಟ್ಟಿ ಕೊಡುತ್ತಾರೆ: ವ್ಯಕ್ತಿಯ ಪ್ರಯತ್ನಕ್ಕೆ ಬೆಲೆಯಿಲ್ಲ ಎಂದು ಕಲಿಸಿದ ಪ್ರೊಫೆಸರ್, ಒಳ್ಳೆಯ ಗುರಿಗೆ ಬಲಪ್ರಯೋಗ ಸರಿ ಎಂದ ಪತ್ರಕರ್ತ, ಮಕ್ಕಳನ್ನು ತಟ್ಟಿ ಮಲಗಿಸುತ್ತಿರುವ ತಾಯಿ. ಆ ತಾಯಿಯ ಅಪರಾಧ? ಗಂಡನ ಸರ್ಕಾರಿ ಕೆಲಸ ಕಟ್ಟಳೆ ಜಾರಿಮಾಡುವುದು, ಅದರಿಂದ ಪೆಟ್ಟು ಬೀಳುವುದು ಶ್ರೀಮಂತರಿಗೆ ತಾನೇ ಎಂದು ಆಕೆ ಅದನ್ನು ಸಮರ್ಥಿಸಿದ್ದು. ಇವರು ನಿರಪರಾಧಿಗಳು ಎಂದು ಕೆಲವರು ಹೇಳಿಯಾರು ಎಂಬ ಅರ್ಥದ ವ್ಯಂಗ್ಯದೊಂದಿಗೆ ಪಟ್ಟಿ ಶುರುವಾಗುತ್ತದೆ. ಸಮರ್ಥಕರು ಹೇಳುವುದು: ಇದು ಶಿಕ್ಷೆಯಲ್ಲ, ಕಾರ್ಯಕಾರಣ, ವಿಚಾರಗಳಿಗೆ ಪರಿಣಾಮ ಇರುತ್ತದೆ ಎಂಬುದಷ್ಟೇ. ಆದರೆ ಕಾರ್ಯಕಾರಣ ತೋರಿಸಲು ಅಧಿಕಾರಿಗಳ ಸರಪಳಿ ಸಾಕಾಗಿತ್ತು, ಅದು ಆಗಲೇ ಆಗಿಹೋಗಿತ್ತು. ಪಟ್ಟಿ ಬರುವುದು ತೀರ್ಪಿಗಾಗಿ. ಗುಂಪನ್ನು ಗುಂಪಾಗಿ ನೋಡಬೇಡಿ, ವ್ಯಕ್ತಿಯನ್ನು ನೋಡಿ ಎಂದು ಸಾವಿರ ಪುಟ ವಾದಿಸುವ ಪುಸ್ತಕ ಇಲ್ಲಿ ಒಂದು ರೈಲಿನವರನ್ನೆಲ್ಲ ಒಟ್ಟಿಗೆ ತಪ್ಪಿತಸ್ಥರನ್ನಾಗಿಸುತ್ತದೆ. ಆ ಮಲಗಿದ ಮಕ್ಕಳ ವಿಚಾರ ಯಾವುದು ಎಂಬ ಪ್ರಶ್ನೆಗೆ ಸಮರ್ಥಕರ ಬಳಿ ನೆಟ್ಟಗಿನ ಉತ್ತರ ಸಿಗುವುದಿಲ್ಲ.

1957ರ ಡಿಸೆಂಬರ್‌ನಲ್ಲಿ ವಿಟೇಕರ್ ಚೇಂಬರ್ಸ್ 'ನ್ಯಾಷನಲ್ ರಿವ್ಯೂ'ನಲ್ಲಿ ಬರೆದ ವಿಮರ್ಶೆ ಈ ದನಿಯನ್ನೇ ಹಿಡಿಯಿತು. ಪುಟಪುಟದಲ್ಲೂ ವಿಷಾನಿಲದ ಕೋಣೆಗೆ ಅಟ್ಟುವ ಆಜ್ಞೆ ಕೇಳಿಸುತ್ತದೆ ಎಂದರು. ಅದು ಬಲಪಂಥೀಯರ ಪತ್ರಿಕೆ, ಚೇಂಬರ್ಸ್ ಕಮ್ಯುನಿಸಂ ತೊರೆದು ಬಂದವರು ಎಂಬುದನ್ನು ಗಮನಿಸಬೇಕು. ಎಡದವರು ಮಾತ್ರ ಈ ಪುಸ್ತಕವನ್ನು ದ್ವೇಷಿಸುತ್ತಾರೆ ಎಂಬುದು ಅಭಿಮಾನಿಗಳ ಸಮಾಧಾನ ಅಷ್ಟೆ. ದ್ವೇಷದಿಂದ ಹುಟ್ಟಿದ ಪುಸ್ತಕ ಎಂದು 'ನ್ಯೂಯಾರ್ಕ್ ಟೈಮ್ಸ್' ವಿಮರ್ಶೆ ಹೇಳಿದಾಗ, ಇದು ಬದುಕಿನ, ಸಂತೋಷದ ಸಂಭ್ರಮ ಎಂದು ಪತ್ರ ಬರೆದವರು ರ್ಯಾಂಡ್ ಬಳಗದ ಯುವ ಅರ್ಥಶಾಸ್ತ್ರಜ್ಞ ಅಲನ್ ಗ್ರೀನ್‌ಸ್ಪ್ಯಾನ್. ಮುಂದೆ 1987ರಿಂದ 2006ರವರೆಗೆ ಅವರೇ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರು. 2008ರ ಅಕ್ಟೋಬರ್‌ನಲ್ಲಿ, ಮುಕ್ತ ಮಾರುಕಟ್ಟೆಯ ತಮ್ಮ ಸಿದ್ಧಾಂತದಲ್ಲಿ ಲೋಪ ಕಂಡಿತೆಂದು ಸಂಸದರ ಮುಂದೆ ಒಪ್ಪಿಕೊಂಡರು. ಎರಡೂ ಬಣಗಳು ಗ್ರೀನ್‌ಸ್ಪ್ಯಾನ್‌ರನ್ನು ತಮ್ಮ ಸಾಕ್ಷಿಯಾಗಿ ಎಳೆಯುತ್ತವೆ. ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಅದರಿಂದ ಏನೂ ತಿಳಿಯದು.

1998ರಲ್ಲಿ ಮಾಡರ್ನ್ ಲೈಬ್ರರಿ ಎಂಬ ಪ್ರಕಾಶನ ಸಂಸ್ಥೆ ಇಪ್ಪತ್ತನೇ ಶತಮಾನದ ನೂರು ಶ್ರೇಷ್ಠ ಇಂಗ್ಲಿಷ್ ಕಾದಂಬರಿಗಳನ್ನು ಪಟ್ಟಿ ಮಾಡಿದಾಗ ತಜ್ಞರ ಪಟ್ಟಿಯಲ್ಲಿ ರ್ಯಾಂಡ್ ಹೆಸರೇ ಇರಲಿಲ್ಲ. ಓದುಗರ ಮತದಾನದಲ್ಲಿ ಮೊದಲ ಎರಡು ಸ್ಥಾನವೂ ಅವರದೇ. ಅಂತರ್ಜಾಲದ ಮತದಾನದಲ್ಲಿ ಉತ್ಸಾಹಿಗಳೇ ಹೆಚ್ಚು ಮತ ಹಾಕುತ್ತಾರೆ, ಇರಲಿ. ಆದರೂ ಆ ಉತ್ಸಾಹ ಎಲ್ಲ ಪುಸ್ತಕಕ್ಕೂ ಹುಟ್ಟುವುದಿಲ್ಲ.

ಟೀಕಾಕಾರರದೂ ಒಂದು ಸವಕಲು ತಪ್ಪಿದೆ. ಕಾದಂಬರಿಯಲ್ಲಿ ಮಕ್ಕಳೇ ಇಲ್ಲ, ಗಾಲ್ಟ್ ಕರೆದೊಯ್ದವರು ನೆಲೆಸಿದ ಕಣಿವೆಯಲ್ಲಿ ತಾಯಂದಿರೇ ಇಲ್ಲ ಎನ್ನುತ್ತಾರೆ. ಇದ್ದಾರೆ: ಬೇಕರಿ ನಡೆಸುವ ಹೆಂಗಸು, ಏಳು ಮತ್ತು ನಾಲ್ಕು ವರ್ಷದ ಇಬ್ಬರು ಗಂಡುಮಕ್ಕಳು. ಅವರಿಗೆ ಸಿಗುವುದು ಒಂದೆರಡು ಪ್ಯಾರಾ. ವೃದ್ಧಾಪ್ಯ, ದೀರ್ಘ ಕಾಯಿಲೆ, ಹುಟ್ಟಿನಿಂದ ಬಂದ ಅಂಗವೈಕಲ್ಯಗಳಿಗೆ ಅಷ್ಟೂ ಜಾಗವಿಲ್ಲ. ಟೀಕೆಗೆ ಅದೇ ಸಾಕು, ಇಲ್ಲದ ತಪ್ಪು ಸೇರಿಸಬೇಕಿಲ್ಲ.

ಓದುವವರಿಗೆ ಒಂದಿಷ್ಟು ಉಪಯೋಗಕ್ಕೆ ಬರುವ ಮಾತು. ಸಣ್ಣ ಅಗ್ಗದ ಪೇಪರ್‌ಬ್ಯಾಕ್ ಕೊಳ್ಳಬೇಡಿ; ಇರುವೆ ಸಾಲಿನ ಅಕ್ಷರ, ಅರ್ಧ ದಾಟುವಷ್ಟರಲ್ಲಿ ಬೆನ್ನು ಬಿರುಕು. ದೊಡ್ಡ ಅಳತೆಯ ಪ್ರತಿ ಅಥವಾ ಇ-ಪುಸ್ತಕ ಮೇಲು. ಮೊದಲ ನೂರೈವತ್ತು ಪುಟ ಹೆಸರುಗಳ ಕಾಟ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೂರನೇ ಭಾಗದ ಏಳನೇ ಅಧ್ಯಾಯದಲ್ಲಿ ಗಾಲ್ಟ್ ರೇಡಿಯೋದಲ್ಲಿ ಮೂರು ಗಂಟೆ ಮಾತಾಡುತ್ತಾನೆ: ಸುಮಾರು ಅರವತ್ತು ಪುಟ. ಇದೊಂದನ್ನು ಬರೆಯಲು ರ್ಯಾಂಡ್ ಎರಡು ವರ್ಷ ತೆಗೆದುಕೊಂಡರು, ಪ್ರಕಾಶಕ ಬೆನೆಟ್ ಸರ್ಫ್ ಕತ್ತರಿಸಿ ಎಂದು ಬೇಡಿಕೊಂಡರೂ ಒಪ್ಪಲಿಲ್ಲ. ಬಹಳ ಮಂದಿ ಕೈಚೆಲ್ಲುವುದು ಇಲ್ಲೇ, ಕಾರಣವೂ ಸ್ಪಷ್ಟ: ಅದರಲ್ಲಿರುವ ಬಹುತೇಕ ವಾದಗಳನ್ನು ತಾಮ್ರದ ಗಣಿಗಳ ಒಡೆಯ ಫ್ರಾನ್ಸಿಸ್ಕೊ ಹಣದ ಬಗ್ಗೆ ಮಾಡುವ ಭಾಷಣದಲ್ಲಿ, ರೀಯರ್ಡನ್ ನ್ಯಾಯಾಲಯದಲ್ಲಿ ಆಡುವ ಮಾತಿನಲ್ಲಿ ಆಗಲೇ ಕೇಳಿರುತ್ತೀರಿ, ಆಗ ಎದುರಿಗೆ ಮಾತು ಕೊಡುವವರಿದ್ದರು. ಇಲ್ಲಿ ಇಲ್ಲ. ಮೊದಲ ಓದಿಗೆ ಐದಾರು ಪುಟ ನೋಡಿ ಮುಂದಿನ ಅಧ್ಯಾಯಕ್ಕೆ ಹೋದರೆ ಕಥೆಯ ಎಳೆ ತಪ್ಪುವುದಿಲ್ಲ. ಕಾದಂಬರಿ ಮುಗಿದ ಮೇಲೆ ದಿನಕ್ಕೆ ಹತ್ತು ಪುಟದಂತೆ ಪ್ರಬಂಧ ಓದುವ ಹಾಗೆ ಓದಿ. ಒಪ್ಪದಿದ್ದರೂ ವಾದದ ಕಟ್ಟು ಹಿಡಿತಕ್ಕೆ ಸಿಗುತ್ತದೆ.

ಓದುವ ಬದಲು ಸಿನಿಮಾ ನೋಡಿ ಮುಗಿಸೋಣ ಎಂದುಕೊಂಡರೆ, 2011, 2012, 2014ರಲ್ಲಿ ಮೂರು ಭಾಗವಾಗಿ ಬಂದವು. ಭಾಗಕ್ಕೊಬ್ಬ ಡ್ಯಾಗ್ನಿ, ಭಾಗಕ್ಕೊಬ್ಬ ರೀಯರ್ಡನ್. ಅವನ್ನು ಹೊಗಳುವ ಅಭಿಮಾನಿಗಳೂ ವಿರಳ.