ಖಾಲಿ ವೃತ್ತಗಳ ನೋಟ್‌ಬುಕ್

ಸೂರ್ಯನ ಮೈಮೇಲಿನ ಕಪ್ಪು ಚುಕ್ಕಿಗಳಾದ ಸೌರಕಲೆಗಳನ್ನು ಗುರುತಿಸಿಡಲು 2019ರಲ್ಲಿ ಒಂದು ನೋಟ್‌ಬುಕ್ ತೆರೆದೆ. ಚಿಕ್ಕ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವ ಕೆಲಸ. ಮುಹೂರ್ತ ಕೆಟ್ಟಿತ್ತು: ಕಲೆಗಳು ಹೆಚ್ಚಿ ಕಡಿಮೆಯಾಗುವ, ಸುಮಾರು ಹನ್ನೊಂದು ವರ್ಷದ ಸೌರಚಕ್ರದ ತಳ ಅದು. ಪುಟ ತಿರುಗಿಸಿದಷ್ಟೂ ಬರೀ ವೃತ್ತ, ಒಳಗೆ ಏನೂ ಇಲ್ಲ. 2024ರ ಪುಟಗಳಲ್ಲಿ ಚುಕ್ಕಿ ಇಟ್ಟು ಬೆರಳು ಸೋತಿದೆ.

ಕಲೆ ಕಪ್ಪಲ್ಲವೇ, ಹಾಗಾದರೆ ಕಲೆ ಹೆಚ್ಚಿದ ಸೂರ್ಯ ಮಂಕಾಗಬೇಕು ಎಂದು ಬಹಳ ಕಾಲ ನಂಬಿದ್ದೆ. ನಡೆಯುವುದು ಅದರ ತಿರುವುಮುರುವು. ಕಲೆಯನ್ನು ಹುಟ್ಟಿಸುವ ಕಾಂತಕ್ಷೇತ್ರವೇ ಅದರ ಸುತ್ತಮುತ್ತ ಹೊಳೆಯುವ ತೇಪೆಗಳನ್ನೂ ಹಚ್ಚುತ್ತದೆ. ನನ್ನ ಹಾಳೆಯಲ್ಲಿ ಅವು ಬಿಂಬದ ಅಂಚಿಗೆ ಬಂದಾಗ ಮಾತ್ರ, ಅದೂ ಕಣ್ಣು ಕಿರಿದಾಗಿಸಿದರೆ, ತೆಳ್ಳಗೆ ಕಾಣುತ್ತವೆ. ನೇರಳಾತೀತದಲ್ಲಿ ನೋಡುವ ಉಪಗ್ರಹಕ್ಕೆ ಅವೇ ದೊಡ್ಡ ದೀಪಗಳು.

ಭೂಮಿಯ ದೂರದಲ್ಲಿ ಪ್ರತಿ ಚದರ ಮೀಟರಿಗೆ ಸಿಗುವ ಒಟ್ಟು ಸೌರಶಕ್ತಿ ಸುಮಾರು 1361 ವ್ಯಾಟ್. ಚಕ್ರದ ತಳದಿಂದ ತುದಿಗೆ ಏರುವುದು ಒಂದು ವ್ಯಾಟಿನಷ್ಟು, ಅಂದರೆ ಶೇಕಡಾ 0.1ರ ಆಸುಪಾಸು. ಆ 1361 ವ್ಯಾಟಿಗೆ 'ಸೌರ ಸ್ಥಿರಾಂಕ' ಎಂಬ ಹೆಸರಿದೆ. ಆ ಹೆಸರು ಕಂಡರೆ ನನಗೆ ಸಿಡುಕು, ಏಕೆಂದರೆ ಗದ್ದಲವೆಲ್ಲ ಆ ಮೊತ್ತದೊಳಗೆ ಅಡಗಿದೆ. ನೇರಳಾತೀತದಲ್ಲಿ, 200 ನ್ಯಾನೊಮೀಟರ್ ಅಲೆಯುದ್ದದ ಬಳಿ ಏರಿಳಿತ ಹಲವು ಶೇಕಡಾ. ಹೈಡ್ರೋಜನ್ ಸೂಸುವ 121.6 ನ್ಯಾನೊಮೀಟರಿನ ಲೈಮನ್-ಆಲ್ಫಾ ರೇಖೆ ಒಂದೂವರೆ ಪಟ್ಟಿನಷ್ಟಾಗುತ್ತದೆ. ಸೂರ್ಯನ ಹೊರ ಆವರಣವಾದ ಕರೋನಾದಿಂದ ಹೊರಡುವ ಇನ್ನೂ ಕಿರಿದಾದ ಅಲೆಗಳು ಹಲವು ಪಟ್ಟು ಹೆಚ್ಚುತ್ತವೆ. ಅಲೆ ಕಿರಿದಾದಷ್ಟೂ ಅದು ಹುಟ್ಟುವ ಪದರ ಮೇಲಿನದು. ಅಲ್ಲಿ ಕಾಂತಕ್ಷೇತ್ರದ್ದೇ ದರಬಾರು.

ಈ ಕಿರಿಯ ಅಲೆಗಳು ನೆಲ ಮುಟ್ಟುವುದಿಲ್ಲ, ಮೇಲಿನ ವಾತಾವರಣವನ್ನು ಕಾಯಿಸಿ ಉಬ್ಬಿಸುತ್ತವೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ನಿರೀಕ್ಷೆಗಿಂತ ಬೇಗ, 1979ರ ಜುಲೈ 11ರಂದು ಕೆಳಗೆ ಬಿದ್ದದ್ದಕ್ಕೆ ಆಗ ಏರುತ್ತಿದ್ದ ಸೌರಚಕ್ರವೂ ಕಾರಣ. ಉಬ್ಬಿದ ಗಾಳಿ ಅದನ್ನು ತಡೆದು ತಡೆದು ಇಳಿಸಿತು.

"ಹಾಗಾದರೆ ಈ ವರ್ಷ ಚರ್ಮ ಹೆಚ್ಚು ಸುಡುತ್ತದೆಯೇ?" ಎಂದು ನನ್ನ ನೋಟ್‌ಬುಕ್ ನೋಡಿದವರೆಲ್ಲ ಕೇಳುತ್ತಾರೆ. ಇಲ್ಲ. ಚರ್ಮ ಸುಡುವ, ಸುಮಾರು 300 ನ್ಯಾನೊಮೀಟರಿಗಿಂತ ಉದ್ದದ ಅಲೆಗಳು ಚಕ್ರದುದ್ದಕ್ಕೂ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಮೇಲಾಗಿ, 242 ನ್ಯಾನೊಮೀಟರಿಗಿಂತ ಕಿರಿದಾದವು ಆಮ್ಲಜನಕವನ್ನು ಒಡೆದು, ಚರ್ಮ ಸುಡುವ ಕಿರಣಗಳನ್ನು ತಡೆಯುವ ಓಝೋನನ್ನು ತುಸು ಹೆಚ್ಚಿಸುತ್ತವೆ. ಆ ದಿನದ ಮೋಡವನ್ನು, ಸೂರ್ಯನ ಎತ್ತರವನ್ನು ನೋಡಿ ಟೋಪಿ ಹಾಕಿಕೊಳ್ಳಿ.

ಈಗ ಪ್ರತಿ ವೃತ್ತದ ಪಕ್ಕ ಒಂದು ಅಂಕಿಯನ್ನೂ ಬರೆಯುತ್ತೇನೆ. ಕೆನಡಾದ ಪೆಂಟಿಕ್ಟನ್‌ನಲ್ಲಿ ಅಳೆಯುವ, ಸೂರ್ಯನ 10.7 ಸೆಂಟಿಮೀಟರ್ ಅಲೆಯ ರೇಡಿಯೊ ಹೊಮ್ಮುವಿಕೆ ಅದು. ನೇರಳಾತೀತದ ಜೊತೆಜೊತೆಗೇ ಏರಿಳಿಯುತ್ತದೆ. ಹಳೆಯ ಪುಟಗಳಿಗೂ ಹಿಂದಕ್ಕೆ ಹೋಗಿ ತುಂಬಿಸಿದೆ: 2019ರಲ್ಲಿ 70ರ ಆಸುಪಾಸು, 2024ರಲ್ಲಿ 200 ದಾಟಿದ ದಿನಗಳ ಸಾಲುಸಾಲು. ರೇಡಿಯೊಗೆ ಮೋಡದ ಹಂಗಿಲ್ಲ. ಹಾಗಾಗಿ ಮಳೆಯ ದಿನಗಳ ಖಾಲಿ ವೃತ್ತದ ಪಕ್ಕದಲ್ಲೂ ಅಂಕಿ ಇದೆ.