ಜೀಪಿನ ಕ್ಲಚ್ ಮತ್ತೆ ಕೂರಿಸಿದ್ದು

ದೇವರಾಯನದುರ್ಗದ ಏರಿನಲ್ಲಿ ನಮ್ಮ ಹಳೇ ಜೀಪು ಮೊದಲನೇ ಗೇರಿನಲ್ಲಿ ಹೊರಡುವಾಗಲೆಲ್ಲ ಗಡಗಡ ನಡುಗತೊಡಗಿತು. ಎಂಜಿನ್ ಚೆನ್ನಾಗಿಯೇ ಇತ್ತು, ಹಾಗಾಗಿ ಕ್ಲಚ್ ಮೇಲೇ ಅನುಮಾನ. ತುಮಕೂರಿಗೆ ಬಂದು ಭಾನುವಾರ ನಾನು, ತಮ್ಮ ಸೇರಿ ಮನೆ ಮುಂದೆಯೇ ಗೇರ್‌ಬಾಕ್ಸ್ ಇಳಿಸಿದೆವು.

ಬೋಲ್ಟು ಬಿಚ್ಚುವ ಮೊದಲು ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ತಟ್ಟೆ) ಕವರ್ ಮೇಲೂ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಮೇಲೂ ಪಂಚ್‌ನಿಂದ ಗುರುತು ಹಾಕಿ. ಸುಮ್ನೆ ಹೇಳುತ್ತಿಲ್ಲ, ಎರಡನ್ನೂ ಸೇರಿಸಿ ಬ್ಯಾಲೆನ್ಸ್ ಮಾಡಿದ್ದರೆ ಜಾಗ ತಪ್ಪಿಸಿ ಕೂರಿಸಿದಾಗ ಎಂಜಿನ್ ಜೋರಾಗಿ ತಿರುಗುವಾಗ ಅದುರಾಟ ಶುರುವಾಗುತ್ತದೆ.

ನಮ್ಮದು ಮೂರು ಫಿಂಗರ್ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ಹಿಂದಕ್ಕೆ ಎಳೆಯುವ ಸನ್ನೆಗಳು) ಇರುವ ಹಳೇ ನಮೂನೆ. ಮೂರೂ ಒಂದೇ ಎತ್ತರದಲ್ಲಿರಬೇಕು ಅಲ್ವಾ? ಅಳೆದು ನೋಡಿದರೆ ಒಂದು ತಗ್ಗಿತ್ತು. ಅದರಿಂದ ಪ್ರೆಶರ್ ಪ್ಲೇಟು ಓರೆಯಾಗಿ ಹಿಡಿಯುತ್ತಿತ್ತು, ಹೊರಡುವಾಗ ನಡುಕ ಬರುತ್ತಿದ್ದದ್ದು ಅದಕ್ಕೇ. ಅದರ ನಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಮತ್ತೆ ಅಳೆಯುತ್ತಾ, ಮೂರೂ ಸಮ ಮಾಡುವಷ್ಟರಲ್ಲಿ ಮಧ್ಯಾಹ್ನವೇ ಆಯಿತು. ಈ ಕೆಲಸದಲ್ಲಿ ಅವಸರ ಬೇಡವೇ ಬೇಡ.

ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಗುಜರಿಯಿಂದ ತಂದಿದ್ದ ಹಳೇ ಗೇರ್‌ಬಾಕ್ಸ್ ಶಾಫ್ಟನ್ನೇ ತೂರಿಸಿದೆವು. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತು ಮಾತ್ರ ಬಿಗಿ ಮಾಡುತ್ತಾ ಬಂದೆವು. ಒಂದೇ ಕಡೆ ಪೂರ್ತಿ ಬಿಗಿ ಮಾಡಿದರೆ ಕವರ್ ಸೊಟ್ಟಗಾಗುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸಾಕು. ಜಾಸ್ತಿ ಹಚ್ಚಿದರೆ ಸಿಡಿದು ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಮೇಲೆ ಬಿದ್ದು ಕ್ಲಚ್ ಜಾರುತ್ತದೆ.

ಸಂಜೆ ಮತ್ತೆ ಅದೇ ಏರು. ಈ ಸಲ ನಡುಗಲೇ ಇಲ್ಲ.