ಈ ಜಾಗ ಯಾರ ಹೆಸರಲ್ಲಿದೆ?

ಶನಿವಾರದಿಂದ ಅಪ್ಪನ ಒಂದು ಪ್ರಶ್ನೆ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಬ್ಲೇಡನ್ಸ್‌ಬರ್ಗ್‌ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಅಮೆರಿಕದ ಮೇರಿಲ್ಯಾಂಡಿಗೆ ಬಂದಾಗಿನಿಂದ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ. ರಸ್ತೆಗಳು ಕೂಡುವ ಕಡೆ, ನಟ್ಟನಡುವೆ, 40 ಅಡಿ ಎತ್ತರದ ಕಾಂಕ್ರೀಟ್ ಶಿಲುಬೆ. ಅಪ್ಪ ಕಿಟಕಿಯಲ್ಲಿ ತಲೆ ಬಗ್ಗಿಸಿ ನೋಡಿ ಕೈ ಮುಗಿದರು. ದರ್ಗಾ ಕಂಡರೂ ಮುಗಿಯುತ್ತಾರೆ, ಅಶ್ವತ್ಥಕಟ್ಟೆ ಕಂಡರೂ ಮುಗಿಯುತ್ತಾರೆ. ಮುಗಿದ ಕೈ ಇಳಿಸುತ್ತಾ ಕೇಳಿದರು: "ಅಲ್ಲಮ್ಮ, ಈ ಜಾಗ ಯಾರ ಹೆಸರಲ್ಲಿದೆ?"

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಹಿಡಿದು ಓಡಾಡಿದವರು. ಏನು ಕಂಡರೂ ಅವರಿಗೆ ಮೊದಲು ಪಹಣಿಯೇ ನೆನಪಾಗುತ್ತದೆ.

"ಸರ್ಕಾರದ್ದು ಅಪ್ಪ."

"ಸರ್ಕಾರದ ಜಾಗದಲ್ಲಿ ಶಿಲುಬೆ ಹೆಂಗಮ್ಮ? ಇಲ್ಲಿ ಸರ್ಕಾರ ಬೇರೆ, ಧರ್ಮ ಬೇರೆ ಅಂತಾರಲ್ವಾ?"

ನನ್ನ ಗಂಡ "ಬಿಡಿ ಮಾವ, ಆ ಉಸಾಬರಿ ನಮಗ್ಯಾಕೆ" ಅಂದರು. ಒಳ್ಳೆಯ ಮನುಷ್ಯ, ಆದರೆ ಈ ಮಾತು ಮಾತ್ರ ನನಗೆ ಸಹಿಸೋಕಾಗಲ್ಲ. ಇದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಮನೆ ಮಾಡಿದ್ದೇವೆ, ತೆರಿಗೆ ಕಟ್ಟುತ್ತೇವೆ. ಆ ಜಾಗದಲ್ಲಿ ನಮ್ಮ ಪಾಲೂ ಇದೆ.

ಕಾರು ತಿರುಗಿಸಲು ಹೇಳಿದೆ. ದೂರದಲ್ಲಿ ನಿಲ್ಲಿಸಿ, ಅಪ್ಪನ ಕೈ ಹಿಡಿದು ರಸ್ತೆ ದಾಟಿಸಿದೆ. ಬುಡದಲ್ಲಿ ನಾಲ್ಕು ಮಾತು ಕೆತ್ತಿದ್ದಾರೆ: ಶೌರ್ಯ, ಸಹನೆ, ಧೈರ್ಯ, ನಿಷ್ಠೆ. ಒಂದು ಕಂಚಿನ ಫಲಕ. ಅಪ್ಪ ಅದರ ಮೇಲೆ ಬೆರಳಿಟ್ಟು ಹೆಸರುಗಳನ್ನು ಎಣಿಸಿದರು. 49. ಮೊದಲನೇ ಮಹಾಯುದ್ಧದಲ್ಲಿ ಸತ್ತ ಈ ಕೌಂಟಿಯ ಹುಡುಗರು.

ಅಲ್ಲೇ ನಿಂತು ನನಗೆ ಗೊತ್ತಿದ್ದಷ್ಟು ಹೇಳಿದೆ. ಊರಿನವರು ಚಂದಾ ಎತ್ತಿ ಶುರು ಮಾಡಿದ್ದು. ದುಡ್ಡು ಮುಗಿದಾಗ ಮಾಜಿ ಸೈನಿಕರ ಸಂಘ ಕೈಗೆತ್ತಿಕೊಂಡು 1925ರಲ್ಲಿ ಮುಗಿಸಿತು. 1961ರಲ್ಲಿ ಜಾಗವೂ ಶಿಲುಬೆಯೂ ಪಾರ್ಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗಕ್ಕೆ ಬಂದವು. ರಿಪೇರಿ, ದೀಪ ಅಂತ ಸುಮಾರು 1,17,000 ಡಾಲರ್ ಸಾರ್ವಜನಿಕರ ದುಡ್ಡು ಖರ್ಚಾಯಿತು. ಇದು ಸರಿಯಲ್ಲ ಅಂತ ಕೆಲವರು ಕೋರ್ಟಿಗೆ ಹೋದರು. ಅವರನ್ನು ಎಷ್ಟು ಜನ ಬೈದರೋ! ನನಗೆ ಅವರ ಮೇಲೆ ಗೌರವವಿದೆ. ಎಲ್ಲರೂ ನೋಡಿ ಸುಮ್ನಿದ್ದದ್ದನ್ನು ಬಾಯಿಬಿಟ್ಟು ಕೇಳೋಕೆ ಗಟ್ಟಿ ಮನಸ್ಸು ಬೇಕು.

2019ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ 7-2ರಲ್ಲಿ ಶಿಲುಬೆ ಇರಲಿ ಅಂದಿತು. ಇಷ್ಟು ವರ್ಷದಿಂದ ಇದೆ, ಇದಕ್ಕೆ ಬೇರೆ ಅರ್ಥಗಳೂ ಬಂದಿವೆ, ಈಗ ಕಿತ್ತರೆ ಧರ್ಮದ ಮೇಲೆ ಹಗೆ ಸಾಧಿಸಿದಂತೆ ಕಾಣುತ್ತದೆ ಅಂತ. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಒಪ್ಪಲಿಲ್ಲ. ಕ್ರೈಸ್ತ ಸೈನಿಕರ ನೆನಪಿಗೆ ಯಹೂದಿಗಳ ನಕ್ಷತ್ರ ಹೇಗೆ ಹೊಂದುವುದಿಲ್ಲವೋ, ಬೇರೆ ಧರ್ಮದವರಿಗೆ ಶಿಲುಬೆಯೂ ಹಾಗೇ ಅಂದರು. ನನ್ನ ಮನಸ್ಸು ಅವರ ಕಡೆಗೇ. ಆದರೆ ಅದೇ ತೀರ್ಪಿನಲ್ಲಿ ಒಬ್ಬ ತಾಯಿಯ ಪತ್ರದ ಮಾತೂ ಬರುತ್ತದೆ. ಮಗ ಫ್ರಾನ್ಸಿನಲ್ಲಿ ಸತ್ತಿದ್ದ. ಒಂದು ರೀತಿಯಲ್ಲಿ ಈ ಶಿಲುಬೆಯೇ ಅವನ ಸಮಾಧಿ ಕಲ್ಲು ಅಂತ ಆಕೆ ಬರೆದಿದ್ದಳು. ಆ ಸಾಲು ನೆನಪಾದರೆ ಕೀಳಿ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡರು. "ಹಳೇದು ಅಂತ ಬಿಟ್ಟರು. ಸರಿ. ಜಾಗ ಯಾರದು ಅನ್ನೋದಕ್ಕೆ ಅದು ಉತ್ತರ ಆಯ್ತಾ?"

ರಾತ್ರಿ ಊಟ ಆದಮೇಲೆ, ನಾನು ಕೇಳದೇ ಹೇಳಿದರು. ಸರ್ವೀಸಿನ ಶುರುವಿನಲ್ಲಿ ಒಂದು ಗೋಮಾಳ ಅಳೆಯಲು ಹೋಗಿದ್ದರಂತೆ. ಮೊದಲ ಸಲ ಹೋದಾಗ ಅರಿಶಿನ ಕುಂಕುಮ ಹಚ್ಚಿದ ಒಂದು ಕಲ್ಲು. ಎರಡು ವರ್ಷ ಬಿಟ್ಟು ಹೋದರೆ ತಗಡಿನ ಸೂರು, ಕಬ್ಬಿಣದ ಗೇಟು, ಬೀಗ ಹಾಕಿದ ಹುಂಡಿ. ದನ ಮೇಯಿಸುತ್ತಿದ್ದ ಕೇರಿಯ ಹುಡುಗರನ್ನು ಆಗಲೇ ಆಚೆ ಓಡಿಸಿದ್ದರು. ಊರ ಯಜಮಾನರು ಎಳನೀರು ಕೊಟ್ಟು, "ದೇವರ ಕೆಲಸ ಸ್ವಾಮಿ" ಅಂದರಂತೆ.

"ಒತ್ತುವರಿ ಅಂತ ಬರೀಬೇಕಿತ್ತು ಕಣಮ್ಮ. ನಕ್ಷೆಯಲ್ಲಿ ಗುಡಿ ಹಾಕಲೇ ಇಲ್ಲ. ಖಾಲಿ ಜಾಗ ಅಂತ ತೋರಿಸಿ ಸಹಿ ಮಾಡಿ ಬಂದೆ."

ಇಷ್ಟು ವರ್ಷದಲ್ಲಿ ಅಪ್ಪ ಈ ವಿಷಯ ನಮಗ್ಯಾರಿಗೂ ಹೇಳಿರಲಿಲ್ಲ.

ರಸ್ತೆ, ಪಾರ್ಕು, ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚು ಕಟ್ಟಬಾರದು ಅಂತ ಭಾರತದ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 2021ರಲ್ಲಿ ನಂಜನಗೂಡು ಹತ್ತಿರ ಒಂದು ಗುಡಿ ಒಡೆದಾಗ ದೊಡ್ಡ ಗಲಾಟೆ ಎದ್ದು, ಅದೇ ತಿಂಗಳು ವಿಧಾನಮಂಡಲ ಮಸೂದೆ ತಂದು, ಇರುವ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿತು. ಅಲ್ಲೂ ಅದೇ, ಇಲ್ಲೂ ಅದೇ. ಇದ್ದದ್ದು ಇರಲಿ. ಜನರ ನಂಬಿಕೆ ಕೆಡವಿ ಯಾರೂ ಉದ್ಧಾರ ಆಗಲ್ಲ, ಅದು ನಿಜ. ಆದರೆ ಆ ದನ ಕಾಯುವ ಹುಡುಗರಿಗೆ ಗೋಮಾಳ ವಾಪಸ್ ಸಿಗಲಿಲ್ಲವಲ್ಲ. ಅವರ ನಂಬಿಕೆ ಏನಾಗಿತ್ತು ಅಂತ ಯಾರು ಕೇಳಿದರು? ಎಲ್ಲರ ಜಾಗದಲ್ಲಿ ಒಬ್ಬರ ದೇವರು ನಿಂತಾಗ, ಉಳಿದವರನ್ನು ಯಾರೂ ಹೋಗಿ ಅನ್ನಬೇಕಾಗಿಲ್ಲ. ಅವರೇ ದಾರಿ ಬಳಸಿ ಹೋಗುತ್ತಾರೆ.

ನಿನ್ನೆ ಬೆಳಿಗ್ಗೆ ಅಪ್ಪ ನನ್ನ ಮಗಳ ಡ್ರಾಯಿಂಗ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಕೂತಿದ್ದರು. ಸ್ಕೇಲಿಟ್ಟು ರಸ್ತೆಗಳ ಗೆರೆ ಎಳೆದಿದ್ದಾರೆ. ಉತ್ತರ ದಿಕ್ಕಿಗೆ ಬಾಣ. ನಡುವಿನ ತುಂಡು ಜಾಗಕ್ಕೆ ಚುಕ್ಕಿ ಗೆರೆ, ಒಳಗೆ 'ಸರ್ಕಾರಿ' ಅಂತ ದುಂಡಗಿನ ಅಕ್ಷರ. ಅದರ ಪಕ್ಕದಲ್ಲೇ, ಪೆನ್ಸಿಲ್ ಒತ್ತಿ, ಶಿಲುಬೆಯನ್ನೂ ಬರೆದಿದ್ದಾರೆ.